ಸೈಡ್ ವೀಲ್ ಸ್ಕೂಟರ್ ಮಾರುವವರು ತಿಳಿದಿರಬೇಕಾದ ಕಾಗದಪತ್ರ

ಅಡಿಕೆ ಮರದಿಂದ ಬಿದ್ದು ಸೊಂಟಕ್ಕೆ, ಬೆನ್ನುಹುರಿಗೆ ಪೆಟ್ಟಾದವರು ನಮ್ಮ ಮಲೆನಾಡಿನ ಊರುಗಳಲ್ಲಿದ್ದಾರೆ. ಪೋಲಿಯೋದಿಂದ ಕಾಲು ಸೋತವರೂ ಇದ್ದಾರೆ. ಇಂಥವರಿಗೆ ತೋಟಕ್ಕೂ ಪೇಟೆಗೂ ಓಡಾಡಲು ಹಿಂಬದಿಯಲ್ಲಿ ಎರಡು ಸೈಡ್ ವೀಲ್ ಜೋಡಿಸಿದ ಸ್ಕೂಟರೇ ಆಧಾರ. ಹೊಸದು ಕೊಂಡಾಗ ಹಳೆಯದನ್ನು ಮಾರುವುದು ಸಹಜ. ಆದರೆ ಹಣ ಎಣಿಸಿಕೊಂಡು ಕೀಲಿಕೈ ಕೊಟ್ಟರೆ ವ್ಯವಹಾರ ಮುಗಿಯಿತೆಂದು ತಿಳಿಯುವುದು ತಪ್ಪು. ಈ ಪಾಠದಲ್ಲಿ ಅದನ್ನೇ ವಿವರಿಸುತ್ತೇವೆ.

ಕಾನೂನಿನ ಪ್ರಕಾರ ಮಾಲೀಕ ಯಾರು?

1988ರ ಮೋಟಾರು ವಾಹನ ಕಾಯಿದೆಯಂತೆ, ಯಾರ ಹೆಸರಿನಲ್ಲಿ ವಾಹನ ನೋಂದಣಿಯಾಗಿದೆಯೋ ಅವರೇ ಮಾಲೀಕರು. ನವೀನ್ ಕುಮಾರ್ ವಿರುದ್ಧ ವಿಜಯ್ ಕುಮಾರ್ ಪ್ರಕರಣದಲ್ಲಿ 2007ರಲ್ಲಿ ಮಾರಿದ ಕಾರೊಂದು ಕೈಯಿಂದ ಕೈಗೆ ಹೋಗಿ, 2009ರಲ್ಲಿ ಅಪಘಾತವಾಯಿತು. ಆರ್.ಸಿ. ಮಾತ್ರ ಮೊದಲಿನವರ ಹೆಸರಿನಲ್ಲೇ ಉಳಿದಿತ್ತು. ಪರಿಹಾರದ ಹೊಣೆ ಆ ಮೊದಲಿನ ಮಾಲೀಕರದ್ದೇ ಎಂದು 2018ರ ಫೆಬ್ರುವರಿಯಲ್ಲಿ ಸುಪ್ರೀಂ ಕೋರ್ಟು ತೀರ್ಪಿತ್ತಿತು. ಸ್ಕೂಟರಿಗೂ ಇದೇ ನಿಯಮ. ಸಣ್ಣ ಹಿಡುವಳಿಯ ಬೆಳೆಗಾರನಿಗೆ ಇಂಥ ಹೊಣೆ ಬಂದರೆ ವರ್ಷದ ಫಸಲಷ್ಟೇ ಅಲ್ಲ, ತೋಟಕ್ಕೇ ಕುತ್ತು ಬಂದೀತು.

ವಾಹನದ ಬಗೆ ಗುರುತಿಸಿ

ಪೆಟ್ರೋಲ್ ಸ್ಕೂಟರಿಗೆ ನೋಂದಣಿ ಇದ್ದೇ ಇರುತ್ತದೆ. ಬ್ಯಾಟರಿಯ ಗಾಡಿಯಾದರೆ, ಅದರ ಮೋಟಾರಿನ ಶಕ್ತಿ 250 ವಾಟ್‌ಗಿಂತ ಕಡಿಮೆ, ವೇಗ ಗಂಟೆಗೆ 25 ಕಿ.ಮೀ.ಗಿಂತ ಕಡಿಮೆ ಎಂದು ಮಾನ್ಯತೆ ಪಡೆದ ಪರೀಕ್ಷಾ ಸಂಸ್ಥೆ ದೃಢೀಕರಿಸಿದ್ದರೆ ಅದು ಮೋಟಾರು ವಾಹನವೆನಿಸದು, ಆರ್.ಸಿ. ಇರುವುದಿಲ್ಲ. ಅಂಥದಕ್ಕೆ ಮೂಲ ಬಿಲ್ಲನ್ನೂ ಗಾಡಿಯ ನಂಬರು ಬರೆದ ರಸೀದಿಯನ್ನೂ ಕೊಟ್ಟರೆ ಸಾಕು.

ಸರ್ಕಾರದ ಯೋಜನೆಯಲ್ಲಿ ಉಚಿತವಾಗಿ ಬಂದ ವಾಹನವಾದರೆ ಮಂಜೂರಾತಿ ಆದೇಶದ ಷರತ್ತುಗಳನ್ನು ಓದಿ. ಜಿಲ್ಲಾ ವಿಕಲಚೇತನರ ಕಲ್ಯಾಣಾಧಿಕಾರಿಗಳ ಕಚೇರಿಯಲ್ಲಿ ವಿಚಾರಿಸದೆ ಮಾರಲು ಹೊರಡಬೇಡಿ.

ಮಾರುವ ಮುನ್ನ

1. ಸಹಕಾರ ಸಂಘದಲ್ಲೋ ಬ್ಯಾಂಕಿನಲ್ಲೋ ಸಾಲ ಮಾಡಿ ಕೊಂಡಿದ್ದರೆ ಆರ್.ಸಿ.ಯಲ್ಲಿ ಅದರ ನಮೂದು ಇರುತ್ತದೆ. ಸಾಲ ತೀರಿದ ಮಾತ್ರಕ್ಕೆ ಅದು ಅಳಿಯುವುದಿಲ್ಲ. ಸಾಲ ಕೊಟ್ಟವರಿಂದ ನಮೂನೆ 35ಕ್ಕೆ ಸಹಿ ಹಾಕಿಸಿ ಆರ್.ಟಿ.ಓ. ಕಚೇರಿಗೆ ಕೊಡಬೇಕು.

2. ವಿಕಲಚೇತನರೆಂದು ತೆರಿಗೆಯಲ್ಲಿ ವಿನಾಯಿತಿ ಪಡೆದಿದ್ದರೆ, ಕೊಳ್ಳುವವರು ವಿಕಲಚೇತನರಲ್ಲದಿದ್ದಲ್ಲಿ ತೆರಿಗೆ ಕಟ್ಟಬೇಕಾಗುವುದೇ ಎಂದು ಕಚೇರಿಯಲ್ಲಿ ಕೇಳಿ. ಬಂದರೆ ಯಾರು ಕಟ್ಟುವುದೆಂದು ಬೆಲೆ ಮಾತಾಡುವಾಗಲೇ ತೀರ್ಮಾನಿಸಿಕೊಳ್ಳಿ.

3. ಸೈಡ್ ವೀಲ್ ಜೋಡಿಸಿದ್ದು ಆರ್.ಸಿ.ಯಲ್ಲಿ ನಮೂದಾಗಿದೆಯೇ ನೋಡಿ. ಕೊಂಡವರು ಮುಂದೆ ಅದನ್ನು ಬಿಚ್ಚಿಸುವುದಾದರೆ ಆ ಬದಲಾವಣೆಯನ್ನೂ ಕಚೇರಿಗೆ ತಿಳಿಸಿ ಬರೆಸಬೇಕು.

ಮಾರುವ ದಿನ ಮತ್ತು ನಂತರ

ಮಾರಾಟದ ರಸೀದಿಯಲ್ಲಿ ಇಬ್ಬರ ವಿಳಾಸ, ಗಾಡಿಯ ನಂಬರು, ಇಂಜಿನ್ ಮತ್ತು ಚಾಸಿ ನಂಬರು, ಹಣದ ಮೊತ್ತ, ಗಾಡಿ ಒಪ್ಪಿಸಿದ ದಿನ ಮತ್ತು ಗಂಟೆ ಇರಲಿ. ಇದು ಒಳ್ಳೆಯ ಸಾಕ್ಷಿ. ಆದರೆ ಹೆಸರು ಬದಲಾವಣೆಗೆ ಬದಲಿಯಲ್ಲ.

ನಮೂನೆ 29 ಮಾರಾಟವನ್ನು ತಿಳಿಸುವ ಪತ್ರ. ನಮೂನೆ 30 ಹೆಸರು ಬದಲಾವಣೆಯ ಅರ್ಜಿ. ಕೊಳ್ಳುವವರ ಹೆಸರು ಬರೆಯದ ಖಾಲಿ ನಮೂನೆಗೆ ಎಂದೂ ಸಹಿ ಹಾಕಬೇಡಿ. ದಲ್ಲಾಳಿಯ ಕೈಯಲ್ಲಿ ಅಂಥ ಕಾಗದ ವರ್ಷಗಟ್ಟಲೆ ಬಿದ್ದಿರಬಹುದು. ಅಷ್ಟು ಕಾಲವೂ ಗಾಡಿ ನಿಮ್ಮದೇ.

ಆಲ್ಕೊಳದ ನಮ್ಮ ಸದಸ್ಯರೊಬ್ಬರು ಕೆ.ಎ. 14 ನೋಂದಣಿಯ ಸ್ಕೂಟರನ್ನು ಚಿಕ್ಕಮಗಳೂರಿನ ಕಾಫಿ ಬೆಳೆಗಾರರೊಬ್ಬರಿಗೆ ಮಾರಿದರೆಂದು ಇಟ್ಟುಕೊಳ್ಳೋಣ. ಎರಡೂ ಕರ್ನಾಟಕದೊಳಗೇ ಇರುವುದರಿಂದ ಮಾರಿದವರು 14 ದಿನದೊಳಗೆ ವರದಿ ಮಾಡಿ, ಅದರ ಪ್ರತಿಯನ್ನು ಕೊಂಡವರಿಗೆ ಕಳಿಸತಕ್ಕದ್ದು. ಕೊಂಡವರು 30 ದಿನದೊಳಗೆ ತಾವು ವಾಸವಿರುವ ಕಡೆಯ ಆರ್.ಟಿ.ಓ. ಕಚೇರಿಗೆ ತಿಳಿಸತಕ್ಕದ್ದು. ಹೊರ ರಾಜ್ಯಕ್ಕೆ ಮಾರಿದರೆ ನಮೂನೆ 28ರಲ್ಲಿ ನಿರಾಕ್ಷೇಪಣಾ ಪತ್ರವೂ ಬೇಕು. ಅರ್ಜಿಯನ್ನು ಈಗ ಪರಿವಾಹನ್ ಜಾಲತಾಣದ ಮೂಲಕ ಸಲ್ಲಿಸಬಹುದು.

ವಿಮೆಯನ್ನು ತಮ್ಮ ಹೆಸರಿಗೆ ಮಾಡಿಸಿಕೊಳ್ಳಲು ಕೊಂಡವರು 14 ದಿನದೊಳಗೆ ವಿಮಾ ಕಂಪನಿಗೆ ಬರೆಯಬೇಕು. ಅವರು ಬರೆದರೇ ಎಂದು ಕೇಳಿ ತಿಳಿದುಕೊಳ್ಳಿ.

ಮಾಲೀಕರು ತೀರಿಕೊಂಡಿದ್ದರೆ

ವಾರಸುದಾರರು 30 ದಿನದೊಳಗೆ ಕಚೇರಿಗೆ ತಿಳಿಸಿ, ಮೂರು ತಿಂಗಳೊಳಗೆ ನಮೂನೆ 31ರಲ್ಲಿ ಅರ್ಜಿ ಕೊಡಬೇಕು. ಗಾಡಿ ಮೊದಲು ವಾರಸುದಾರರ ಹೆಸರಿಗೆ ಬರಲಿ, ಮಾರಾಟ ಆಮೇಲೆ. ತೀರಿಕೊಂಡವರ ಸಹಿಯನ್ನು ಇನ್ನೊಬ್ಬರು ಹಾಕುವುದು ಅಪರಾಧ.

ಸದಸ್ಯರಿಗೆ ನಮ್ಮ ಸಲಹೆ ಇಷ್ಟೇ. ಸಾಧ್ಯವಿದ್ದರೆ ಕೊಳ್ಳುವವರ ಜೊತೆಗೇ ಆರ್.ಟಿ.ಓ. ಕಚೇರಿಗೆ ಹೋಗಿ ಬನ್ನಿ. ನಡೆಯಲು ಕಷ್ಟವಿರುವವರ ಪರವಾಗಿ ಮನೆಯವರು ಈ ಓಡಾಟ ಮಾಡಲಿ. ಬೆಲೆಯಲ್ಲಿ ಸ್ವಲ್ಪ ಹಣವನ್ನು ಹೆಸರು ಬದಲಾಗುವವರೆಗೆ ಕೊಳ್ಳುವವರ ಠೇವಣಿಯಾಗಿ ಇಟ್ಟುಕೊಳ್ಳುವುದು ಒಳ್ಳೆಯದು. ಆಗ ಅವರೂ ತಡಮಾಡುವುದಿಲ್ಲ. ಎಲ್ಲ ಕಾಗದದ ಒಂದೊಂದು ಪ್ರತಿಯನ್ನು ಪಹಣಿ, ಪಾಸ್ ಪುಸ್ತಕಗಳ ಜೊತೆ ಜೋಪಾನ ಮಾಡಿ. ಆರ್.ಸಿ.ಯಲ್ಲಿ ಹೊಸ ಹೆಸರು ಬಂದುದನ್ನು ಕಣ್ಣಾರೆ ಕಂಡ ದಿನವೇ ಗಾಡಿ ಮಾರಿದ ದಿನವೆಂದು ತಿಳಿಯಿರಿ.