ಅನರ್ಥದಂಡವ್ರತವೂ ಬಿಸಿಯೇರುತ್ತಿರುವ ಭೂಮಿಯೂ



ಶ್ರಾವಕನ ವ್ರತಗಳು ಹನ್ನೆರಡು. ಅವುಗಳಲ್ಲಿ ಅಣುವ್ರತಗಳು ಐದು, ಗುಣವ್ರತಗಳು ಮೂರು, ಶಿಕ್ಷಾವ್ರತಗಳು ನಾಲ್ಕು ಎಂಬುದು ನಮ್ಮ ಮನೆಗಳ ಮಕ್ಕಳಿಗೂ ಬಾಯಿಪಾಠವಾಗಿರುವ ವಿಷಯ. ಅಣುವ್ರತಗಳನ್ನು ಕುರಿತು ಬಸದಿಗಳಲ್ಲಿ ಮೇಲಿಂದ ಮೇಲೆ ಪ್ರವಚನಗಳು ನಡೆಯುತ್ತವೆ. ಶಿಕ್ಷಾವ್ರತಗಳಲ್ಲಿ ಪ್ರೋಷಧೋಪವಾಸವನ್ನು ಹಿರಿಯರು ಶ್ರದ್ಧೆಯಿಂದ ಆಚರಿಸುತ್ತಾರೆ. ಇವೆರಡರ ನಡುವಿನ ಗುಣವ್ರತಗಳು ಮಾತ್ರ ಹೆಸರಿಗಷ್ಟೇ ಉಳಿದಂತೆ ಕಾಣುತ್ತದೆ. ಅವುಗಳಲ್ಲೊಂದಾದ ಅನರ್ಥದಂಡವ್ರತವನ್ನು ಈ ಸಂಚಿಕೆಯ ಪಾಠಕ್ಕೆ ಆರಿಸಿಕೊಂಡಿದ್ದೇನೆ. ಹವಾಮಾನ ಕೆಡುತ್ತಿರುವಾಗ ನಮ್ಮ ಊರಿನಲ್ಲಿ ನಾವು ಮಾಡತಕ್ಕದ್ದೇನು ಎಂದು ಕೇಳುವ ಗೃಹಸ್ಥನಿಗೆ ಉತ್ತರದ ಬಹುಭಾಗ ಈ ಒಂದು ವ್ರತದಲ್ಲಿಯೇ ಇದೆಯೆಂಬುದು ನನ್ನ ತಿಳಿವಳಿಕೆ.

ವ್ರತದ ಸ್ವರೂಪ

ಅರ್ಥವೆಂದರೆ ಪ್ರಯೋಜನ. ದಂಡವೆಂದರೆ ಮನ ವಚನ ಕಾಯಗಳಿಂದ ಜೀವಗಳಿಗೆ ಪೀಡೆಯಾಗುವ ಪ್ರವೃತ್ತಿ. ಯಾವ ಪ್ರಯೋಜನವೂ ಇಲ್ಲದೆ ನಡೆಯುವ ಇಂತಹ ಪ್ರವೃತ್ತಿಯೇ ಅನರ್ಥದಂಡ. ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ಇದನ್ನು ಪಾಪೋಪದೇಶ, ಹಿಂಸಾದಾನ, ಅಪಧ್ಯಾನ, ದುಃಶ್ರುತಿ, ಪ್ರಮಾದಚರ್ಯೆ ಎಂದು ಐದು ಬಗೆಯಾಗಿ ವಿವರಿಸಿದ್ದಾರೆ. ನಮ್ಮ ವಿಷಯಕ್ಕೆ ಇವುಗಳಲ್ಲಿ ಎರಡು ಮುಖ್ಯ.

ಕೊಡಲಿ, ಗುದ್ದಲಿ, ಬೆಂಕಿ, ಆಯುಧ ಮುಂತಾದ ವಧೆಯ ಸಾಧನಗಳನ್ನು ಇನ್ನೊಬ್ಬರ ಕೈಗೆ ಕೊಡುವುದು ಹಿಂಸಾದಾನ. ವ್ಯರ್ಥವಾಗಿ ನೆಲವನ್ನು ಅಗೆಯುವುದು, ನೀರನ್ನು ಚೆಲ್ಲುವುದು, ಬೆಂಕಿಯನ್ನು ಹೊತ್ತಿಸುವುದು, ಗಾಳಿಯನ್ನು ಕೆರಳಿಸುವುದು, ಸಸ್ಯವನ್ನು ಕಡಿಯುವುದು, ತಾನು ಸುಮ್ಮನೆ ತಿರುಗಾಡುವುದು, ಇತರರನ್ನು ತಿರುಗಾಡಿಸುವುದು ಪ್ರಮಾದಚರ್ಯೆ. ಪೃಥ್ವೀಕಾಯ, ಜಲಕಾಯ, ಅಗ್ನಿಕಾಯ, ವಾಯುಕಾಯ, ವನಸ್ಪತಿಕಾಯ ಎಂಬ ಐದು ಸ್ಥಾವರಗಳೂ ಇಲ್ಲಿ ಬಂದುವು. ಅವುಗಳ ಜೊತೆಗೆ ಪ್ರಯಾಣವೂ ಬಂದಿತು. ಇಂದು ಹವಾಮಾನವನ್ನು ಕುರಿತು ವಿಜ್ಞಾನಿಗಳು ನೀಡುವ ಎಚ್ಚರಿಕೆಗಳಲ್ಲಿಯೂ ನೆಲ, ನೀರು, ಇಂಧನ, ಗಾಳಿ, ಅರಣ್ಯ, ವಾಹನ ಇವೇ ವಿಷಯಗಳಾಗಿರುವುದು ಗಮನಾರ್ಹ.

ಹವಾಮಾನದ ಸ್ಥಿತಿ

ಕಲ್ಲಿದ್ದಲು, ಪೆಟ್ರೋಲ್, ಡೀಸೆಲ್‌ಗಳು ಉರಿದಾಗ ಇಂಗಾಲದ ಡೈಆಕ್ಸೈಡ್ ಹುಟ್ಟುತ್ತದೆ. ಒಂದು ಲೀಟರ್ ಪೆಟ್ರೋಲ್ ಉರಿದರೆ ಸುಮಾರು 2.3 ಕಿಲೋಗ್ರಾಂನಷ್ಟು ಈ ಅನಿಲ ಗಾಳಿಗೆ ಸೇರುತ್ತದೆ. ಯಂತ್ರೋದ್ಯಮಗಳು ಹಬ್ಬುವ ಮೊದಲು ಗಾಳಿಯ ಹತ್ತು ಲಕ್ಷ ಭಾಗಗಳಲ್ಲಿ ಇದು ಸುಮಾರು 280 ಭಾಗವಿತ್ತು. ಈಗ 420ನ್ನು ದಾಟಿದೆ. ಇದು ಭೂಮಿಯ ಶಾಖವನ್ನು ಹೊರಗೆ ಹೋಗಗೊಡದೆ ಹಿಡಿದಿಡುತ್ತದೆ. ಅಳತೆಗಳು ದೊರೆಯುವ ಕಾಲದಿಂದ ಈಚೆಗೆ 2024ರಷ್ಟು ಬಿಸಿಯಾದ ವರ್ಷ ಅದಕ್ಕೆ ಮೊದಲು ಬಂದಿರಲಿಲ್ಲ. ಗಾಳಿ ಒಂದು ಡಿಗ್ರಿ ಬಿಸಿಯಾದರೆ ಶೇಕಡಾ 7ರಷ್ಟು ಹೆಚ್ಚು ನೀರಾವಿಯನ್ನು ಹಿಡಿಯಬಲ್ಲದು. ಆದುದರಿಂದಲೇ ಮಳೆ ಬಂದಾಗ ಒಮ್ಮೆಲೇ ಸುರಿಯುತ್ತದೆ. ಬಾರದಾಗ ನೆಲದ ತೇವ ಬೇಗನೆ ಆರಿಹೋಗುತ್ತದೆ.

ಕೃಷ್ಣಾತೀರದ ನಮ್ಮ ಸಮಾಜದವರಿಗೆ ಇದನ್ನು ಬೇರೆಯಾಗಿ ಹೇಳಬೇಕಾಗಿಲ್ಲ. 2019ರ ಆಗಸ್ಟಿನಲ್ಲಿ ಕೃಷ್ಣೆಯೂ ಅದರ ಉಪನದಿಗಳೂ ಉಕ್ಕಿ ಬೆಳಗಾವಿ, ಬಾಗಲಕೋಟೆ ಜಿಲ್ಲೆಗಳ ಅನೇಕ ಊರುಗಳು ಮುಳುಗಿದುವು. 2023ರಲ್ಲಿ ಮಳೆ ಬಾರದೆ ಕರ್ನಾಟಕದ 223 ತಾಲ್ಲೂಕುಗಳು ಬರಪೀಡಿತವೆಂದು ಸರ್ಕಾರ ಘೋಷಿಸಿತು. ಒಂದು ನೆರೆಗಾಗಲಿ ಒಂದು ಬರಕ್ಕಾಗಲಿ ಒಂದೇ ಕಾರಣವೆನ್ನಲಾಗದು. ಆದರೆ ಬಿಸಿಯೇರಿದಂತೆ ಇವೆರಡೂ ಉಗ್ರವಾಗುವುವೆಂಬುದು ನಿಶ್ಚಿತ.

ನನ್ನ ಹೊಲದಲ್ಲಿ ನಡೆದುದು

ಆ ಬರಗಾಲದ ವರ್ಷ ನನ್ನಿಂದಾದ ಒಂದು ದೋಷವನ್ನು ಇಲ್ಲಿ ಹೇಳಬೇಕಾಗಿದೆ. ಕಬ್ಬು ಕಟಾವಾಗಿ ಹೋದ ಮೇಲೆ ಹೊಲದ ತುಂಬ ರವದಿ ಬಿದ್ದಿತ್ತು. ಅಂದು ಚತುರ್ದಶಿ, ನನಗೆ ಉಪವಾಸ. ಮುಂಜಾನೆ ಆಳುಮಗ ಬಂದು, "ಮಾಸ್ತರ, ಕಡ್ಡಿಪೆಟ್ಟಿಗಿ ಕೊಡ್ರಿ" ಎಂದ. ಏತಕ್ಕೆಂದು ಕೇಳುವ ಅಗತ್ಯವಿರಲಿಲ್ಲ. ಪ್ರತಿ ವರ್ಷ ನಡೆದು ಬಂದ ಕೆಲಸ. ದೇವರ ಗೂಡಿನ ಬಳಿಯಿದ್ದ ಕಡ್ಡಿಪೆಟ್ಟಿಗೆಯನ್ನು ತೆಗೆದು ಕೊಟ್ಟೆ. ಮಧ್ಯಾಹ್ನದ ಹೊತ್ತಿಗೆ ಹೊಲ ಕರಿಯಾಗಿತ್ತು.

ಸಂಜೆ ಬಸದಿಯ ಸ್ವಾಧ್ಯಾಯದಲ್ಲಿ ಅರ್ಥ ಹೇಳುವ ಸರದಿ ನನ್ನದು. ನಡೆಯುತ್ತಿದ್ದ ಪಾಠ ಗುಣವ್ರತಗಳದು. ಹಿಂಸಾದಾನದ ಪಟ್ಟಿಯಲ್ಲಿ ಬೆಂಕಿ ಎಂಬ ಮಾತು ಬಂದಾಗ ನನಗೆ ಮುಂದೆ ಹೇಳುವುದು ಕಷ್ಟವಾಯಿತು. ಪ್ರೋಷಧದ ದಿನ ಆರಂಭವನ್ನು ತ್ಯಜಿಸಬೇಕೆಂದು ಬಲ್ಲವನು ನಾನು. ಅನ್ನವನ್ನು ಬಿಟ್ಟು ಬೆಂಕಿಯನ್ನು ಕೊಟ್ಟಿದ್ದೆ. ಹಾವು, ಓತಿ, ಇರುವೆ, ಎರೆಹುಳು, ಹುಲ್ಲಿನ ಗೂಡಿನ ಮರಿಗಳು ಎಷ್ಟು ಬೆಂದುವೋ ಲೆಕ್ಕವಿಲ್ಲ. ಬರದಿಂದ ಆರಿದ ನೆಲಕ್ಕೆ ಇದ್ದ ಒಂದೇ ಹೊದಿಕೆಯನ್ನೂ ಸುಟ್ಟದ್ದರಿಂದ ಬೇಸಿಗೆಯಲ್ಲಿ ಕೂಳೆ ಬೆಳೆಯ ಅರ್ಧಭಾಗ ಒಣಗಿತು.

ಉದ್ಯೋಗಿ ಹಿಂಸೆಯೋ, ಅನರ್ಥದಂಡವೋ?

ಗೃಹಸ್ಥನು ಸಂಕಲ್ಪೀ ಹಿಂಸೆಯನ್ನು ಮಾತ್ರ ಸಂಪೂರ್ಣವಾಗಿ ತ್ಯಜಿಸಬಲ್ಲನು; ಕೃಷಿಯಲ್ಲಿ ಆಗುವುದು ಉದ್ಯೋಗಿ ಹಿಂಸೆ, ಅದು ಅನಿವಾರ್ಯ, ರವದಿ ಸುಡುವುದೂ ಅದರಲ್ಲಿಯೇ ಸೇರುತ್ತದೆ ಎಂದು ಕೆಲವರು ವಾದಿಸಿದರು. ಈ ವಾದವನ್ನು ಚೆನ್ನಾಗಿ ಪರೀಕ್ಷಿಸಬೇಕು. ಅನಿವಾರ್ಯವೆಂಬುದು ಅಭ್ಯಾಸದಿಂದ ನಿರ್ಣಯವಾಗತಕ್ಕದ್ದಲ್ಲ. ಬೇರೆ ದಾರಿ ಇದೆಯೇ ಎಂಬುದರಿಂದ ನಿರ್ಣಯವಾಗತಕ್ಕದ್ದು. ದಾರಿ ಇಲ್ಲದಿರುವವರೆಗೆ ಅದು ಉದ್ಯೋಗಿ ಹಿಂಸೆ. ಬೇರೆ ದಾರಿ ತಿಳಿದ ದಿನದಿಂದ ಅದೇ ಕೆಲಸ ಅನರ್ಥದಂಡವಾಗುತ್ತದೆ.

ದಾರಿ ಇದ್ದೇ ಇದೆ. ಒಂದು ಎಕರೆಯಲ್ಲಿ ಮೂರು ನಾಲ್ಕು ಟನ್ ರವದಿ ದೊರೆಯುತ್ತದೆ. ಅದನ್ನು ಯಂತ್ರದಿಂದ ಕತ್ತರಿಸಿ, ಇಲ್ಲವೆ ಇದ್ದಂತೆಯೇ, ಸಾಲು ಬಿಟ್ಟು ಸಾಲಿಗೆ ಹಾಸಿದರೆ ನೆಲದ ತೇವ ನಿಲ್ಲುತ್ತದೆ, ಕಳೆ ತಗ್ಗುತ್ತದೆ, ಕೊಳೆತ ಮೇಲೆ ಗೊಬ್ಬರವಾಗುತ್ತದೆ. ಸುಟ್ಟರೆ ಅದರಲ್ಲಿನ ಸಾರಜನಕ ಬಹುಮಟ್ಟಿಗೆ ಗಾಳಿಗೆ ಹೋಗುತ್ತದೆ. ಕಬ್ಬು ಗಾಳಿಯಿಂದ ಪಡೆದ ಇಂಗಾಲವೇ ತಾನೆ ಮರಳಿ ಹೋಗುವುದು, ಇದರಲ್ಲಿ ಹಾನಿಯೇನೆಂದು ಕೇಳಬಹುದು. ಆದರೆ ಹೊಗೆಯೊಡನೆ ಮೀಥೇನ್, ನೈಟ್ರಸ್ ಆಕ್ಸೈಡ್, ಮಸಿ ಇವೂ ಹೋಗುತ್ತವೆ. ಶಾಖವನ್ನು ಹಿಡಿಯುವುದರಲ್ಲಿ ಇವು ಇಂಗಾಲದ ಡೈಆಕ್ಸೈಡಿಗಿಂತ ಬಲವಾದುವು. ಮಣ್ಣಿನಲ್ಲಿ ಉಳಿಯಬಹುದಾಗಿದ್ದ ಸತ್ವವೂ ನಷ್ಟವಾಗುತ್ತದೆ. ಮರುವರ್ಷ ನಾನು ರವದಿಯನ್ನು ಹಾಸಿದೆ. ಎಂಟು ದಿನಕ್ಕೊಮ್ಮೆ ನೀರು ಬೇಡುತ್ತಿದ್ದ ಹೊಲಕ್ಕೆ ಹತ್ತು ಹನ್ನೆರಡು ದಿನಕ್ಕೊಮ್ಮೆ ಹಾಯಿಸಿದರೆ ಸಾಕಾಯಿತು. ಕೂಲಿಯ ಖರ್ಚು ಹೆಚ್ಚಾದುದು ನಿಜ. ಅದಕ್ಕಾಗಿಯೇ ಈ ಕೆಲಸವನ್ನು ಊರು ಕೂಡಿ ಮಾಡಬೇಕೆನ್ನುತ್ತೇನೆ.

ಊರಿನ ಶ್ರಾವಕರು ಕೂಡಿ ಕೈಗೊಳ್ಳಬಹುದಾದ ನಿಯಮಗಳು

ಭೋಗೋಪಭೋಗ ಪರಿಮಾಣ ವ್ರತದಲ್ಲಿ ಆಚಾರ್ಯರು ಒಂದು ಉಪಕಾರ ಮಾಡಿದ್ದಾರೆ. ಜೀವನಪರ್ಯಂತದ ತ್ಯಾಗ ಯಮ, ಕಾಲಮಿತಿಯುಳ್ಳದ್ದು ನಿಯಮ. ಒಂದು ಹಗಲು, ಒಂದು ರಾತ್ರಿ, ಪಕ್ಷ, ಮಾಸ, ಋತು, ಅಯನ ಹೀಗೆ ಶಕ್ತಿಯಿದ್ದಷ್ಟು ಕಾಲಕ್ಕೆ ನಿಯಮ ಹಿಡಿಯಬಹುದು. ಭೋಜನ, ವಾಹನ, ಸ್ನಾನ, ವಸ್ತ್ರ ಮುಂತಾದುವು ಅದಕ್ಕೆ ವಿಷಯಗಳೆಂದೂ ಅಲ್ಲಿ ಹೇಳಿದೆ. ಈ ಕ್ರಮದಲ್ಲಿಯೇ ಚಾತುರ್ಮಾಸದ ಆರಂಭದಲ್ಲಿ ಊರಿನವರೆಲ್ಲರೂ ಕೆಳಗಿನ ನಿಯಮಗಳನ್ನು ಹಿಡಿಯಬಹುದು.

1. ಅಗ್ನಿ: ಹೊಲದ ರವದಿಯನ್ನೂ ಬಸದಿಯ ಅಂಗಳದ ಒಣ ಎಲೆಯನ್ನೂ ಮನೆಯ ಕಸವನ್ನೂ ಸುಡದಿರುವುದು. ರವದಿ ಕತ್ತರಿಸುವ ಯಂತ್ರವನ್ನು ಹತ್ತು ಮನೆಯವರು ಕೂಡಿ ಬಾಡಿಗೆಗೆ ತರುವುದು.

2. ಜಲ: ಬಸದಿಯ ಸಭಾಭವನದ ಮಾಳಿಗೆಯ ಮಳೆನೀರನ್ನು ತೊಟ್ಟಿಗೆ ಇಳಿಸುವುದು. 100 ಚದರ ಮೀಟರ್ ಮಾಳಿಗೆಯ ಮೇಲೆ 10 ಮಿಲಿಮೀಟರ್ ಮಳೆ ಬಿದ್ದರೆ 1,000 ಲೀಟರ್ ನೀರು. ವರ್ಷಕ್ಕೆ 500 ಮಿಲಿಮೀಟರ್ ಬೀಳುವ ಊರಿನಲ್ಲಿ 50,000 ಲೀಟರ್. ನೀರನ್ನು ಸೋಸಿ ಕುಡಿಯುವ ನಾವು ಅದನ್ನು ಚೆಲ್ಲದಿರುವುದನ್ನೂ ಕಲಿಯಬೇಕು.

3. ವಾಹನ: ಪಕ್ಷದಲ್ಲಿ ಎರಡು ದಿನ ವಾಹನ ತ್ಯಾಗ. ಮುನಿದರ್ಶನಕ್ಕೂ ಕ್ಷೇತ್ರಯಾತ್ರೆಗೂ ಐದು ಕಾರುಗಳ ಬದಲು ಒಂದು ಬಸ್ಸು. ಪಾದವಿಹಾರಿಗಳಾದ ಮುನಿಗಳ ದರ್ಶನಕ್ಕೆ ಒಬ್ಬೊಬ್ಬರು ಒಂದೊಂದು ಕಾರಿನಲ್ಲಿ ಹೋಗುವುದು ಶೋಭಿಸದು.

4. ಉತ್ಸವ: ದಶಲಕ್ಷಣ ಪರ್ವದ ಪಾರಣೆಯಲ್ಲಿ ಒಮ್ಮೆ ಬಳಸಿ ಎಸೆಯುವ ಪ್ಲಾಸ್ಟಿಕ್ ತಟ್ಟೆ ಲೋಟಗಳನ್ನು ನಿಲ್ಲಿಸಿ, ಸಮಾಜದ ವತಿಯಿಂದ ಸ್ಟೀಲಿನ ತಟ್ಟೆ ಲೋಟಗಳನ್ನು ಕೊಂಡಿಡುವುದು. ಎಲೆಯಲ್ಲಿ ಅನ್ನ ಬಿಡದಿರುವುದು. ರಾತ್ರಿಯ ದೀಪಾಲಂಕಾರವನ್ನು ಕಡಿಮೆ ಮಾಡುವುದು. ಇದರಿಂದ ವಿದ್ಯುತ್ತು ಉಳಿಯುವುದಲ್ಲದೆ ದೀಪಕ್ಕೆ ಮುತ್ತಿ ಸಾಯುವ ಕೀಟಗಳೂ ಉಳಿಯುತ್ತವೆ.

ಫಲವೇನು?

ಒಂದು ಊರು ನಿಯಮ ಹಿಡಿದ ಮಾತ್ರಕ್ಕೆ ಲೋಕದ ಬಿಸಿ ಇಳಿದೀತೇ ಎಂದು ತರುಣರು ಕೇಳುತ್ತಾರೆ. ಇಳಿಯದು. ಗಾಳಿಯನ್ನು ಕೆಡಿಸಿದುದರಲ್ಲಿ ದೊಡ್ಡ ಪಾಲು ಸಿರಿವಂತ ದೇಶಗಳದು, ವಿದ್ಯುತ್ ಸ್ಥಾವರಗಳದು, ಕಾರ್ಖಾನೆಗಳದು. ಅವುಗಳನ್ನು ಸರಿಪಡಿಸುವ ಕೆಲಸ ಸರ್ಕಾರಗಳದು. ಗ್ರಾಮಸಭೆಯಲ್ಲಿಯೂ ಮತದಾನದಲ್ಲಿಯೂ ಅದನ್ನು ಕೇಳುವುದು ನಮ್ಮ ಕರ್ತವ್ಯ. ಆದರೆ ಕೃತ, ಕಾರಿತ, ಅನುಮೋದನೆ ಎಂಬ ಮೂರು ದ್ವಾರಗಳಿಂದಲೂ ಆಸ್ರವವಾಗುತ್ತದೆಂದು ನಂಬಿದವರು ನಾವು. ಇತರರು ಮಾಡಿದುದು ಹೆಚ್ಚೆಂಬ ಕಾರಣದಿಂದ ನಾನು ಕೊಟ್ಟ ಕಡ್ಡಿಪೆಟ್ಟಿಗೆಯ ಪಾಪ ಕಡಿಮೆಯಾಗುವುದಿಲ್ಲ. ಹಾಸಿದ ರವದಿಯ ತೇವವಾದರೋ ಲೋಕಕ್ಕಾಗಿ ಕಾಯದೆ ಅದೇ ಹೊಲದಲ್ಲಿ ಉಳಿಯುತ್ತದೆ.

ಉಪವಾಸದ ದಿನ ಬಾಯಿ ಕಟ್ಟುವುದು ನಮಗೆ ರೂಢಿಯಾಗಿದೆ. ಮುಂದಿನ ಚತುರ್ದಶಿಯಂದು ಕೈಗೂ ಒಂದು ನಿಯಮವಿರಲಿ.

ಸ್ವಾಧ್ಯಾಯಕ್ಕೆ ಪ್ರಶ್ನೆಗಳು

1. ಹಿಂಸಾದಾನಕ್ಕೂ ಪ್ರಮಾದಚರ್ಯೆಗೂ ಭೇದವೇನು? ನಿಮ್ಮ ಮನೆಯಿಂದ ಒಂದೊಂದು ಉದಾಹರಣೆ ಕೊಡಿರಿ.

2. ಉದ್ಯೋಗಿ ಹಿಂಸೆ ಯಾವಾಗ ಅನರ್ಥದಂಡವಾಗುತ್ತದೆ?

3. ಮೇಲಿನ ನಾಲ್ಕು ನಿಯಮಗಳಲ್ಲಿ ನಿಮ್ಮ ಮನೆಯವರು ಯಾವುದನ್ನು, ಎಷ್ಟು ಕಾಲಕ್ಕೆ ಹಿಡಿಯಬಲ್ಲಿರಿ? ಮನೆಯಲ್ಲಿ ಎಲ್ಲರೂ ಕುಳಿತು ನಿರ್ಣಯಿಸಿ ಬರೆದಿಡಿರಿ.