ಒಂಟಿ ದಾರಿಹೋಕನಿಗೆ ಕೇಳಬಾರದ ಪ್ರಶ್ನೆ

☸️ *ಇಂದಿನ ಧಮ್ಮ ಚಿಂತನೆ* ☸️

 

ಇಂದಿನ ವಿಷಯ ದಾನ. ಅದರಲ್ಲೂ ಊರೂರು ದಾಟಿ ಒಬ್ಬಂಟಿಯಾಗಿ ಹೋಗುವವರಿಗೆ ಕೊಡುವ ದಾನ.

*1. ಶಿಕೊಕು ದ್ವೀಪದ ನಡಿಗೆ*

ಜಪಾನಿನ ನಾಲ್ಕು ದೊಡ್ಡ ದ್ವೀಪಗಳಲ್ಲಿ ಶಿಕೊಕು ಅತಿ ಚಿಕ್ಕದು. ನಡುವೆಲ್ಲ ಬೆಟ್ಟ, ಕಣಿವೆಗಳಲ್ಲಿ ಹಳ್ಳಿಗಳು. ಈ ದ್ವೀಪವನ್ನು ಸುತ್ತಿ 88 ಬೌದ್ಧ ವಿಹಾರಗಳ ಯಾತ್ರೆ ಇದೆ. ದಾರಿ ಸುಮಾರು 1,200 ಕಿಲೋಮೀಟರ್. ನಡೆದೇ ಮುಗಿಸಲು 40ರಿಂದ 50 ದಿನ ಬೇಕು. ಬಿಳಿ ಅಂಗಿ, ಹುಲ್ಲಿನ ಟೋಪಿ, ಕೈಯಲ್ಲೊಂದು ಕೋಲು. ಎಷ್ಟೋ ಜನ ಒಬ್ಬರೇ ನಡೆಯುತ್ತಾರೆ.

8-9ನೆಯ ಶತಮಾನದ ಭಿಕ್ಷು ಕೂಕಾಯ್ ತಮ್ಮ ಜೊತೆ ನಡೆಯುತ್ತಾರೆ ಎಂಬುದು ಯಾತ್ರಿಕರ ನಂಬಿಕೆ. 22 ಪ್ರತಿಜ್ಞೆ ಸ್ವೀಕರಿಸಿದ ನಮಗೆ ಆ ನಂಬಿಕೆ ಬೇಕಿಲ್ಲ. ನಾವು ನೋಡಬೇಕಾದ್ದು ದಾರಿ ಬದಿಯ ಜನರನ್ನು. ಅವರು ಯಾತ್ರಿಕನನ್ನು ನಿಲ್ಲಿಸಿ ಚಹಾ ಕೊಡುತ್ತಾರೆ, ಕಿತ್ತಳೆ ಹಣ್ಣು ಕೊಡುತ್ತಾರೆ, ಕೆಲವರು ಮಲಗಲು ಜಾಗವನ್ನೂ ಕೊಡುತ್ತಾರೆ. ಇದಕ್ಕೆ ಅಲ್ಲಿ 'ಒಸೆತ್ತಾಯ್' ಎನ್ನುತ್ತಾರೆ. ಕೊಟ್ಟಿದ್ದನ್ನು ಬೇಡ ಎನ್ನಬಾರದು ಎಂಬ ರೂಢಿಯೂ ಇದೆ.

ಹಾಗೆಂದು ಜಪಾನ್ ದೋಷವಿಲ್ಲದ ನಾಡೆಂದು ತಿಳಿಯಬೇಡಿ. ಚರ್ಮದ ಕೆಲಸ ಮಾಡುತ್ತಿದ್ದವರನ್ನು ಅಲ್ಲಿಯೂ ಹೊಲಸೆಂದು ದೂರವಿಟ್ಟಿದ್ದರು. 1871ರಲ್ಲಿ ಆ ಭೇದವನ್ನು ಆಜ್ಞೆ ಹೊರಡಿಸಿ ರದ್ದು ಮಾಡಿದರೂ ಬುರಾಕುಮಿನ್ ಎಂಬ ಹೆಸರಿನಲ್ಲಿ ಅವರ ಸಂತತಿಯವರು ಮದುವೆ, ನೌಕರಿಯಲ್ಲಿ ನೋವುಂಡಿದ್ದಾರೆ. ಬುದ್ಧನ ಹೆಸರಿದ್ದ ಮಾತ್ರಕ್ಕೆ ಭೇದ ತಾನಾಗಿ ಹೋಗುವುದಿಲ್ಲ. ಈ ಮಾತು ನಮಗೂ ಅನ್ವಯ.

*2. ನಮ್ಮ ನಾಡಿನ ಬೆಟ್ಟದ ದಾರಿ*

ಅಂಥ ನಡಿಗೆಗೆ ಜಪಾನಿಗೇ ಹೋಗಬೇಕಿಲ್ಲ. ರಾಣೇಬೆನ್ನೂರಿನಿಂದ ದಾವಣಗೆರೆ, ಚಿತ್ರದುರ್ಗ ದಾಟಿದರೆ ಮೊಳಕಾಲ್ಮೂರು ತಾಲ್ಲೂಕು. ಅಲ್ಲಿ ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗ ರಾಮೇಶ್ವರ ಎಂಬ ಹತ್ತಿರ ಹತ್ತಿರದ ಮೂರು ಜಾಗಗಳಲ್ಲಿ ಅಶೋಕ ಚಕ್ರವರ್ತಿಯ ಬಂಡೆ ಶಾಸನಗಳಿವೆ. 1892ರಲ್ಲಿ ಬಿ. ಎಲ್. ರೈಸ್ ಅವುಗಳನ್ನು ಬೆಳಕಿಗೆ ತಂದರು.

ಈ ಶಾಸನದಲ್ಲಿ 256 ಎಂಬ ಸಂಖ್ಯೆ ಇದೆ. ಪ್ರಯಾಣದಲ್ಲಿ ಕಳೆದ 256 ರಾತ್ರಿಗಳ ಲೆಕ್ಕ ಅದು ಎಂದು ಹೆಚ್ಚಿನ ವಿದ್ವಾಂಸರು ಓದುತ್ತಾರೆ. ಧಮ್ಮದ ಫಲ ದೊಡ್ಡವರಿಗೆ ಮಾತ್ರ ಮೀಸಲಲ್ಲ, ಪ್ರಯತ್ನಪಟ್ಟರೆ ಸಣ್ಣವನಿಗೂ ಸಿಗುತ್ತದೆ ಎಂಬುದು ಅದರ ಸಾರ. ಬರೆದವನ ಹೆಸರು ಚಪಡ. ತಾನು ಲಿಪಿಕಾರ ಎಂಬ ಒಂದು ಪದವನ್ನು ಮಾತ್ರ ಅವನು ಖರೋಷ್ಠಿ ಲಿಪಿಯಲ್ಲಿ ಬರೆದ. ಆ ಲಿಪಿ ದೂರದ ಗಾಂಧಾರದ ಕಡೆಯದು. ಅಷ್ಟು ದೂರದ ಲಿಪಿ ಬಲ್ಲ ಒಬ್ಬ ಮನುಷ್ಯ ನಮ್ಮ ಬಂಡೆಗಳವರೆಗೆ ಬಂದಿದ್ದಾನೆ. ದಾರಿಯುದ್ದಕ್ಕೂ ಯಾರೋ ಅವನಿಗೆ ನೀರು ಕೊಟ್ಟಿರಲೇಬೇಕು.

*3. ನೀರು ಸಿಗದ ದಾರಿ*

1901ರಲ್ಲಿ ಬಾಲಕ ಭೀಮರಾವ್ ಅಣ್ಣ ಮತ್ತು ಅಕ್ಕನ ಮಕ್ಕಳ ಜೊತೆ ತಂದೆಯನ್ನು ನೋಡಲು ಗೋರೆಗಾಂವ್‌ಗೆ ಹೊರಟಿದ್ದರು. ಮಸೂರು ಸ್ಟೇಷನ್ನಿನಲ್ಲಿ ಇಳಿದಾಗ ಮೈಮೇಲೆ ಹೊಸ ಬಟ್ಟೆ. ಸ್ಟೇಷನ್ ಮಾಸ್ತರರು ಮೊದಲು ಚೆನ್ನಾಗಿಯೇ ಮಾತಾಡಿಸಿದರು. ಮಹಾರರು ಎಂದು ತಿಳಿದ ಕೂಡಲೇ ಮುಖ ಬದಲಾಯಿತು. ಯಾವ ಗಾಡಿಯವನೂ ಒಪ್ಪಲಿಲ್ಲ. ಕೊನೆಗೆ ಒಬ್ಬ ಒಪ್ಪಿದ. ಅದೂ ಎರಡು ಪಟ್ಟು ಬಾಡಿಗೆಗೆ, ಗಾಡಿಯನ್ನು ಮಕ್ಕಳೇ ಹೊಡೆಯಬೇಕು, ತಾನು ಪಕ್ಕದಲ್ಲಿ ನಡೆದು ಬರುತ್ತೇನೆ ಎಂಬ ಷರತ್ತಿಗೆ. ರಾತ್ರಿ ಬುತ್ತಿ ಇತ್ತು, ಕುಡಿಯಲು ನೀರಿರಲಿಲ್ಲ. ಮಕ್ಕಳು ಉಪವಾಸ ಮಲಗಿದರು.

ಒಂದು ಪ್ರಶ್ನೆ, ಅದಕ್ಕೊಂದು ಉತ್ತರ. ನೀರು ನಿಂತಿತು.

ಇದೇ ಪ್ರಶ್ನೆಗೆ ಭಂತೆ ಆನಂದರ ಉತ್ತರ ನಮಗೆಲ್ಲ ಗೊತ್ತು. ಬಾವಿಯ ಬಳಿ ಒಬ್ಬರೇ ಬಂದು ನೀರು ಕೇಳಿದರು. ನಾನು ಮಾತಂಗರ ಹುಡುಗಿ ಎಂದಳು ಪ್ರಕೃತಿ. ತಾವು ಕೇಳಿದ್ದು ನೀರು, ಜಾತಿಯನ್ನಲ್ಲ ಎಂದರು ಆನಂದರು.

*4. ನಮ್ಮ ಮನೆ ಬಾಗಿಲಲ್ಲಿ*

ಇಂದಿಗೂ ನಮ್ಮ ಮಕ್ಕಳು ಪರೀಕ್ಷೆಗೆಂದು, ಕೆಲಸಕ್ಕೆಂದು ಬೇರೆ ಊರಿಗೆ ಒಬ್ಬರೇ ಹೋಗುತ್ತಾರೆ. ಬಾಡಿಗೆ ಖೋಲಿ ಕೇಳಿದರೆ "ನೀವು ಯಾರ ಪೈಕಿ?" ಎಂಬ ಮಾತು ಬರುತ್ತದೆ. ಅದು ಎಷ್ಟು ಚುಚ್ಚುತ್ತದೆ ಎಂದು ನಮಗೆ ಹೇಳಿಕೊಡಬೇಕಿಲ್ಲ.

ಆದರೆ ನಮ್ಮ ಮನೆಗೆ ಪರಊರಿನ ಉಪಾಸಕರು ಬಂದಾಗ ನಾವು ಏನು ಕೇಳುತ್ತೇವೆ? ಎಡಗೈಯೋ, ಬಲಗೈಯೋ ಎಂದು ಸುತ್ತಿ ಬಳಸಿ ತಿಳಿದುಕೊಳ್ಳುತ್ತೇವೆಯೇ? ದೀಕ್ಷೆ ಪಡೆದ ಮೇಲೂ ಈ ಪ್ರಶ್ನೆ ನಾಲಿಗೆಯಲ್ಲಿ ಉಳಿದಿದ್ದರೆ ಮಸೂರಿನ ಸ್ಟೇಷನ್ ನಮ್ಮ ಅಂಗಳದಲ್ಲೇ ಇದೆ.

ಬ್ಯಾಡಗಿಯಲ್ಲಿ ಮೆಣಸಿನಕಾಯಿ ಸೀಜನ್ ಬಂದರೆ ಬಳ್ಳಾರಿ, ರಾಯಚೂರು, ಆಂಧ್ರದ ಕಡೆಯಿಂದ ರೈತರು ಬರುತ್ತಾರೆ. ಚೀಲದ ಪಕ್ಕದಲ್ಲೇ ರಾತ್ರಿ ಕಳೆಯುವವರಿದ್ದಾರೆ. ಭಾಷೆ ಬೇರೆ, ಊರು ಹೊಸದು. ಅವರೂ ದಾರಿಹೋಕರೇ.

*ಈ ವಾರದ ಅಭ್ಯಾಸ*

▪️ ಗುರುತಿಲ್ಲದ ಒಬ್ಬರಿಗೆ ನೀರು, ಚಹಾ ಅಥವಾ ಊಟ ಕೊಡಿ.
▪️ ಅವರ ಹೆಸರು ಕೇಳಿ, ದಣಿವು ಕೇಳಿ. ಪೈಕಿ ಕೇಳಬೇಡಿ.
▪️ ಮಕ್ಕಳು ನೋಡುವಂತೆ ಕೊಡಿ. ಅವರು ಪಾಠಕ್ಕಿಂತ ಬೇಗ ಇದನ್ನು ಕಲಿಯುತ್ತಾರೆ.

*ಭಾನುವಾರದ ವಂದನೆಯ ನಂತರ ಚರ್ಚೆಗೆ:* ಒಬ್ಬರೇ ಪ್ರಯಾಣ ಮಾಡುವಾಗ ಯಾರು ನಿಮಗೆ ಏನೂ ಕೇಳದೆ ನೆರವಾದರು? ಪ್ರತಿಯೊಬ್ಬರೂ ಎರಡು ನಿಮಿಷ ಹೇಳೋಣ. ತಾಯಂದಿರು ಮೊದಲು.

ಭವತು ಸಬ್ಬ ಮಂಗಲಂ 🙏