ಕಿರಿದರಿಂದ ಹಿರಿದಕ್ಕೆ

ಕೂಡ್ಲಿಗಿ, ಕೊಟ್ಟೂರು ಸೀಮೆಯಲ್ಲಿ ಜಾಲತಾಣಗಳ ರಚನೆಗೆ ತೊಡಗಿರುವ ತರುಣ ಮಿತ್ರರಲ್ಲಿ ನನ್ನದೊಂದು ವಿಜ್ಞಾಪನೆಯುಂಟು. ಕೊಟ್ಟೂರೇಶ್ವರನ ರಥೋತ್ಸವದ ವಿವರವನ್ನರಸುವ ಭಕ್ತನ ಕೈಯಲ್ಲಿರುವುದು ಬಹುಮಟ್ಟಿಗೆ ಮೊಬೈಲೇ ಆದುದರಿಂದ, ಮೊದಲು ಆ ಕಿರುಪರದೆಗೆ ಒಪ್ಪುವ ಮೂಲ ನಿಯಮಗಳನ್ನು ಬರೆದು, ತರುವಾಯ ಮಿನ್-ವಿಡ್ತ್ ಮೀಡಿಯಾ ಕ್ವೆರಿಗಳನ್ನು 600, 900, 1200 ಪಿಕ್ಸೆಲ್ ಎಂಬ ಆರೋಹಣ ಕ್ರಮದಲ್ಲಿಯೇ ಜೋಡಿಸತಕ್ಕದ್ದು. ಸಮಬಲದ ಎರಡು ನಿಯಮಗಳು ಸೆಣಸಿದಾಗ ಸಿಎಸ್‌ಎಸ್ ಕಡೆಯಲ್ಲಿ ಬಂದುದನ್ನೇ ಮನ್ನಿಸುವುದರಿಂದ, 1200ರ ಬಳಿಕ 600ನ್ನು ಬರೆದರೆ ವಿಶಾಲ ಪರದೆಯಲ್ಲಿಯೂ 600ರ ವಿನ್ಯಾಸವೇ ಉಳಿದೀತು. ಮ್ಯಾಕ್ಸ್-ವಿಡ್ತ್ ಬಳಸುವವರಿಗೆ ಕ್ರಮವು ಅವರೋಹಣ.

ಹಗರಿಬೊಮ್ಮನಹಳ್ಳಿಯೆಂಬ ದೀರ್ಘನಾಮವು ಇಕ್ಕಟ್ಟಾದ ಗ್ರಿಡ್ ಅಂಕಣದ ಎಲ್ಲೆಯನ್ನು ಮೀರಿ ಪುಟವನ್ನೇ ಅಡ್ಡಕ್ಕೆ ಎಳೆಯಬಲ್ಲುದು. ಓವರ್‌ಫ್ಲೋ-ರ‍್ಯಾಪ್‌ಗೆ ಎನಿವೇರ್ ಎಂದು ಕೊಟ್ಟು ಹೆಸರನ್ನು ಮುರಿಯಬಹುದಾದರೂ, ಊರಿನ ಹೆಸರನ್ನು ಮುರಿಯದೆ ಕಿರುಪರದೆಗೆ ಒಂದೇ ಅಂಕಣವಿಡುವುದು ಮೇಲು. ಪ್ರಕಟಿಸುವ ಮುನ್ನ ಅಗ್ಗದ ಮೊಬೈಲೊಂದರಲ್ಲಿ ತಪ್ಪದೆ ತೆರೆದು ನೋಡಿರಿ.